ಹನ್ನೆರಡು ವೋಲ್ಟಿನ ಬೀಗರು

ಹನ್ನೊಂದು ಸಾವಿರ ವೋಲ್ಟಿನ ಜೊತೆ ಮೂವತ್ತನಾಲ್ಕು ವರ್ಷ ಸಂಸಾರ ಮಾಡಿ, ಮೈಮೇಲೆ ಒಂದು ಬೊಬ್ಬೆಯೂ ಏಳದಂತೆ ನಿವೃತ್ತನಾದ ಮನುಷ್ಯನ ಎದುರು ಯಃಕಶ್ಚಿತ್ ಹನ್ನೆರಡು ವೋಲ್ಟು ಬಂದು ತೊಡೆ ತಟ್ಟಿ ನಿಂತರೆ, ಅವನಿಗೆ ಸಿಟ್ಟು ಬಾರದೆ ಇನ್ನೇನು ಬಂದೀತು?

ಕಂಬದಪ್ಪನವರಿಗೆ ಸಿಟ್ಟು ಬಂದಿತ್ತು. ಬಂದು ಒಂದು ವಾರವಾಗಿತ್ತು. ಕರೆಯದೆ ಬಂದ ನೆಂಟರ ಹಾಗೆ ಕಾಲು ಚಾಚಿ ಕೂತಿತ್ತೇ ಹೊರತು ಎದ್ದು ಹೋಗುವ ಮಾತು ಆಡುತ್ತಿರಲಿಲ್ಲ. (ಕಂಬದಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಬೀದಿಯವರು ಈ ಲೈನ್‌ಮನ್ನನ್ನು ನೆಲದ ಮೇಲೆ ನೋಡಿದ್ದಕ್ಕಿಂತ ಕರೆಂಟ್ ಕಂಬದ ಮೇಲೆ ನೋಡಿದ್ದೇ ಹೆಚ್ಚು. ಹೆಸರು ತಾನಾಗಿಯೇ ಅಂಟಿಕೊಂಡಿತು.)

ಸಿಟ್ಟಿನ ಮೂಲ ಅಂಗಳದಲ್ಲಿ ನಿಂತಿತ್ತು. ಅದೊಂದು ಗಾಡಿ. ಮುಂದಿನಿಂದ ನೋಡಿದರೆ ಮುದಿ ವ್ಯಾನು, ಹಿಂದಿನ ಬಾಗಿಲು ತೆಗೆದರೆ ಮನೆ. ಮಡಚುವ ಮೇಜು, ಎರಡು ಮಂಚ, ಪಾತ್ರೆ ತೊಳೆಯಲು ಮೊಣಕೈಯಷ್ಟು ಅಗಲದ ತೊಟ್ಟಿ, ಒಂದು ಬೀರು. ನಲವತ್ತೆರಡು ವರ್ಷದ ಹಿಂದೆ ಯಾರೋ ಹಲ್ಲಿನ ಡಾಕ್ಟರು ಊರೂರು ಸುತ್ತಲು ಮಾಡಿಸಿಕೊಂಡದ್ದಂತೆ. ಡಾಕ್ಟರು ಹೋದ ಮೇಲೆ ಇಲಿಗಳು ಅದರಲ್ಲಿ ಬಿಡಾರ ಹೂಡಿ, ಇದ್ದಬದ್ದ ವೈರನ್ನೆಲ್ಲ ಊಟ ಮಾಡಿ, ತಾಮ್ರ ಮಾತ್ರ ಉಗುಳಿದ್ದವು. ನಿವೃತ್ತಿಯಾದ ಮೂರನೇ ತಿಂಗಳಿಗೆ ಕಂಬದಪ್ಪನವರು ಅದನ್ನು ಮನೆಗೆ ತಂದರು. ಬೀದಿಯವರು ಮನೆಗಾಡಿ ಎಂದರು. ಹೆಂಡತಿ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಇದ್ರಲ್ಲಿ ನಾವು ಹೋಗ್ಬೇಕೋ, ಇದನ್ನ ನಾವು ಹೊತ್ಕೊಂಡು ಹೋಗ್ಬೇಕೋ?" ಎಂದು ಕೇಳಿದಳು.

ಕೇಳಿದಳೇ ಹೊರತು ಅದೇ ಸಂಜೆ ಅಳತೆ ಟೇಪು ಹಿಡಿದು ಗಾಡಿ ಹತ್ತಿದಳು. ಬೀದಿಗೆಲ್ಲ ಟೈಲರಮ್ಮ ಎಂದೇ ಗೊತ್ತಿದ್ದ ಹೆಂಗಸು. ಹತ್ತು ದಿನದಲ್ಲಿ ಕಿಟಕಿಗೆ ಪರದೆ, ಸೀಟಿಗೆ ಹೊದಿಕೆ, ಮಂಚಕ್ಕೆ ಗವುಸು ಎಲ್ಲ ತಯಾರಾಯಿತು. ಅಷ್ಟು ಉತ್ಸಾಹಕ್ಕೆ ಕಾರಣವಿತ್ತು. ಟೈಲರಮ್ಮನಿಗೆ ಸಮುದ್ರ ನೋಡಬೇಕಿತ್ತು. ಐವತ್ತೇಳು ವರ್ಷಕ್ಕೂ ನೋಡಿರಲಿಲ್ಲ. ನಾಲ್ಕು ಸಲ ಹೊರಟದ್ದುಂಟು. ನಾಲ್ಕು ಸಲವೂ ಬ್ಯಾಗಿನ ಜಿಪ್ ಎಳೆಯುವ ಹೊತ್ತಿಗೆ ಸರಿಯಾಗಿ ಗಾಳಿ ಎದ್ದು, ಎಲ್ಲೋ ಕಂಬ ಮುರಿದು, ಆಫೀಸಿನಿಂದ ಫೋನ್ ಬಂದಿತ್ತು. ಗಾಳಿಗೂ ತನ್ನ ಗಂಡನ ಆಫೀಸಿಗೂ ಏನೋ ಒಳಒಪ್ಪಂದವಿದೆ ಎಂದು ಆಕೆ ಎಷ್ಟೋ ವರ್ಷ ನಂಬಿದ್ದಳು. ಈಗ ಫೋನ್ ಬರುವ ಭಯವಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹೊರಡುವುದೆಂದು ದಿನ ಗೊತ್ತಾಗಿತ್ತು.

ಒಂದೇ ಒಂದು ತೊಡಕು. ಆಕೆಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಇಂಜೆಕ್ಷನ್. ಈ ಬೇಸಿಗೆಯಲ್ಲಿ ಗಾಡಿಯ ಒಳಗೆ ಬಾಣಲೆಯಷ್ಟು ಕಾವು. ಹತ್ತು ದಿನದ ಔಷಧಿ ತಂಪಿನಲ್ಲೇ ಇರಬೇಕೆಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ಅದಕ್ಕೆಂದು ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಫ್ರಿಡ್ಜೊಂದು ಬಂದಿತ್ತು. ಅದು ಮನೆಯ ಕರೆಂಟಿಗೂ ಸೈ, ಹನ್ನೆರಡು ವೋಲ್ಟಿಗೂ ಸೈ.

"ಫ್ರಿಡ್ಜ್ ನಡೆದ್ರೆ ಬರ್ತೀನಿ, ನಡೀದಿದ್ರೆ ಇಲ್ಲ. ಸಮುದ್ರ ನೋಡಕ್ಕೋಗಿ ಆಸ್ಪತ್ರೆ ನೋಡ್ಕೊಂಡು ಬರೋ ಆಸೆ ನಂಗಿಲ್ಲ" ಎಂದು ಟೈಲರಮ್ಮ ಮೊದಲೇ ಕತ್ತರಿಸಿದ ಹಾಗೆ ಹೇಳಿಬಿಟ್ಟಿದ್ದಳು.

"ನಡೀದೆ ಏನು? ಇಡೀ ತಾಲೂಕಿಗೆ ಕರೆಂಟ್ ಕೊಟ್ಟೋನು ನಾನು. ಒಂದು ಡಬ್ಬಿಗೆ ಕೊಡಲ್ವಾ?"

"ತಾಲೂಕಿನೋರನ್ನ ಕೇಳಿದ್ರೆ ಬೇರೆ ಹೇಳ್ತಾರೆ. ಅದಿರ್ಲಿ, ಬೀಗರನ್ನ ಒಂದು ಮಾತು ಕೇಳಿ."

ಇಲ್ಲಿಗೆ ಬಂತು ನೋಡಿ ಸಿಟ್ಟಿನ ತಾಯಿಬೇರು.

ಬೀಗರು ಎಂದರೆ ಮಗಳ ಮಾವ. ಲಾರಿ ಬಸ್ಸುಗಳ ಕರೆಂಟಿನ ಕೆಲಸ ಮಾಡುವವರು. ಟೈರ್ ಅಂಗಡಿಯ ಪಕ್ಕ ತಗಡಿನ ಶೆಡ್ಡು, ಶೆಡ್ಡಿನ ತುಂಬ ಬ್ಯಾಟರಿ, ಹಾರ್ನು, ಹೆಡ್‌ಲೈಟು. ನಲವತ್ತು ವರ್ಷದ ಕೆಲಸದಲ್ಲಿ ಹನ್ನೆರಡು ವೋಲ್ಟು, ಬಹಳವೆಂದರೆ ಇಪ್ಪತ್ತನಾಲ್ಕು, ಅದರ ಮೇಲೆ ಅವರು ಹೋದವರಲ್ಲ. ಸಂಬಂಧ ನೋಡಲು ಬಂದ ದಿನ ಕಂಬದಪ್ಪನವರು ಏನು ಕೆಲಸವೆಂದು ಕೇಳಿದಾಗ ಅವರು ಕೈ ಮುಗಿದು, "ನಿಮ್ದೇ ಕೆಲ್ಸ ಸಾರ್, ಒಂದು ಸ್ವಲ್ಪ ಚಿಕ್ಕದು" ಎಂದಿದ್ದರು. ನಮ್ಮದೇ ಕೆಲಸವಂತೆ! ಹನ್ನೊಂದು ಸಾವಿರಕ್ಕೂ ಹನ್ನೆರಡಕ್ಕೂ ಒಂದು ಸ್ವಲ್ಪ ಅಂತರವಂತೆ! ಹುಡುಗ ಒಳ್ಳೆಯವನೆಂದು ಸಂಬಂಧವಾಯಿತು, ಮಗಳು ಸುಖವಾಗಿದ್ದಾಳೆ, ಎಲ್ಲ ಸರಿ. ಆ ಮಾತು ಮಾತ್ರ ಆರು ವರ್ಷದಿಂದ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು.

"ಹಾರ್ನ್ ರಿಪೇರಿಯವರನ್ನ ನಾನು ಕೇಳ್ಬೇಕಾ?"

"ಯಾಕೆ, ನಿಮ್ಮ ಗಾಡಿಗೆ ಹಾರ್ನ್ ಇಲ್ವಾ?"

"ಇದೆ. ನಾನೇ ಇದ್ದೀನಿ" ಎಂದು ಕಂಬದಪ್ಪನವರು ಕಿರುಚಿದರು. ಅದು ನಿಜವೆಂಬುದನ್ನು ಪಕ್ಕದ ಮನೆಯವರು ಕಿಟಕಿ ಮುಚ್ಚಿ ಒಪ್ಪಿಕೊಂಡರು.

ಹೀಗೆ ಹಟದ ಮೇಲೆ ಕೆಲಸ ಶುರುವಾಯಿತು. ಹೊಸದು ಏನನ್ನೂ ಕೊಳ್ಳಕೂಡದು, ಇದ್ದುದರಲ್ಲೇ ವಿದ್ಯುತ್ ಸಾಮ್ರಾಜ್ಯ ಕಟ್ಟಬೇಕು ಎಂಬುದು ಅವರ ಸಂಕಲ್ಪ. ಬ್ಯಾಟರಿ ಒಂದು ಲಾರಿಯಿಂದ ಇಳಿದದ್ದು, ಇನ್ನೂ ಗಟ್ಟಿಯಾಗಿತ್ತು. ಅದು ಡ್ರೈವರ್ ಸೀಟಿನ ಕೆಳಗೆ ಕೂತಿತು. ಸೋಲಾರ್ ಹಲಗೆ ಗುಜರಿಗೆ ಹೋಗಿದ್ದ ಬೀದಿದೀಪದ್ದು. ಅದು ಮಾಡಿನ ಮೇಲೆ ಮಲಗಿತು. ಫ್ರಿಡ್ಜು ಗಾಡಿಯ ಕೊಟ್ಟಕೊನೆಯಲ್ಲಿ, ಹಿಂದಿನ ಬಾಗಿಲ ಪಕ್ಕ. ಬ್ಯಾಟರಿಗೂ ಫ್ರಿಡ್ಜಿಗೂ ನಡುವೆ ವೈರ್ ಬೇಕು. ಅಟ್ಟದ ಮೇಲೆ ಹಳೆ ಟೇಪ್‌ರೆಕಾರ್ಡರಿನ ಸ್ಪೀಕರಿಗೆ ತಂದು ಉಳಿದ ಜೋಡಿ ವೈರಿನ ಸುರುಳಿಯಿತ್ತು. ಒಳ್ಳೇ ಶ್ಯಾವಿಗೆಯಂಥ ವೈರು.

"ಇಷ್ಟು ತೆಳ್ಳಗಿಂದು ಸಾಕೇನ್ರೀ?" ಎಂದಳು ಟೈಲರಮ್ಮ, ಅದನ್ನು ಎರಡು ಬೆರಳಲ್ಲಿ ಹೊಸಕಿ ನೋಡುತ್ತ. ನೂಲಿನ ದಪ್ಪ ಬೆರಳಲ್ಲೇ ಹೇಳುವವಳು ಆಕೆ.

"ಇನ್ನೂರ ಮೂವತ್ತು ವೋಲ್ಟಿನ ಟೇಬಲ್ ಫ್ಯಾನೇ ಇಂಥ ವೈರಲ್ಲಿ ತಿರುಗುತ್ತೆ. ಹನ್ನೆರಡು ವೋಲ್ಟಿಗೆ ಇದೇ ದಂಡ. ಆನೆ ನಡೆದಿರೋ ಸೇತುವೆ ಮೇಲೆ ಇರುವೆ ಹೋಗಲ್ವಾ?"

ಕೇಳುವುದಕ್ಕೆ ಎಷ್ಟು ಚೆಂದದ ಮಾತು. ಟೈಲರಮ್ಮ ಸುರುಳಿಯನ್ನು ಅವರ ಕೈಗೇ ಕೊಟ್ಟಳು.

ಭಾನುವಾರ ಬೀಗರೂ ಬೀಗಿತ್ತಿಯೂ ಬಂದರು. ಟೈಲರಮ್ಮನೇ ಕರೆದಿದ್ದಳೆಂಬುದು ಅಳತೆ ನೋಡುವ ನೆಪಕ್ಕೆ ಬೀಗಿತ್ತಿಯ ಕೈಯಲ್ಲಿದ್ದ ಅರ್ಧ ಹೊಲಿದ ರವಿಕೆಯಿಂದ ಗೊತ್ತಾಗುವಂತಿತ್ತು. ಬೀಗರು ಚಪ್ಪಲಿ ಬಿಟ್ಟು ಗಾಡಿ ಹತ್ತಿದರು. ದೀಪ ಹಾಕಿದರೆ ದೀಪ ಝಗ್ಗೆಂದಿತು. ಕಂಬದಪ್ಪನವರು ಮೀಸೆ ತಿರುವಿದರು. ಬೀಗರು ಬಗ್ಗಿ ಸೀಟಿನ ಕೆಳಗೆ ನೋಡಿದರು, ಎದ್ದರು, ಮತ್ತೆ ಬಗ್ಗಿದರು, ಕೆಮ್ಮಿದರು.

"ಏನು?" ಎಂದರು ಕಂಬದಪ್ಪನವರು.

"ಏನಿಲ್ಲ ಬೀಗರೇ. ದೀಪಕ್ಕೆ ಏನೂ ತೊಂದ್ರೆ ಇಲ್ಲ. ಫ್ರಿಡ್ಜಿಗೆ ಮಾತ್ರ ವೈರ್ ಒಂದು ಚೂರು ಸಣ್ಣ ಆಯ್ತೇನೋ ಅಂತ."

"ಸಣ್ಣ?"

"ನೀವು ದೊಡ್ಡ ಲೈನಲ್ಲಿ ಇದ್ದೋರು. ನಿಮಗೆ ಗೊತ್ತಿಲ್ಲದ್ದಲ್ಲ. ನಮ್ದು ಹನ್ನೆರಡು ವೋಲ್ಟಿನ ಬುದ್ಧಿ, ಅಷ್ಟಕ್ಕೇ ಯೋಚ್ನೆ ಮಾಡುತ್ತೆ."

ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ತಲೆ ಬಾಗಿಸಿ ನಿಂತವನನ್ನು ಏನು ಮಾಡುವುದು? ಈ ಮನುಷ್ಯನ ವಿನಯವಿದೆಯಲ್ಲ, ಅದು ಮುಟ್ಟಿದರೆ ಶಾಕ್ ಹೊಡೆಯುವಂಥದ್ದು. ಕಂಬದಪ್ಪನವರು ಹಲ್ಲು ಕಚ್ಚಿಕೊಂಡು, "ಕಾಫಿ ಕುಡೀರಿ" ಎಂದರು, ವಿಷ ಕುಡೀರಿ ಎಂಬ ಧಾಟಿಯಲ್ಲಿ.

ಅವರು ಹೋದ ಮೇಲೆ ಟೈಲರಮ್ಮ ಪರೀಕ್ಷೆ ಇಟ್ಟಳು. ಔಷಧಿಯಿಟ್ಟು ನೋಡುವ ಹಾಗಿಲ್ಲವಲ್ಲ, ಅದಕ್ಕೆ ಒಂದು ಬಿಲ್ಲೆ ಬೆಣ್ಣೆ. ಫ್ರಿಡ್ಜಿನಲ್ಲಿಟ್ಟು ಮಾರನೇ ದಿನ ದಪ್ಪ ಸೂಜಿಯಿಂದ ಚುಚ್ಚುವುದು. ಸೂಜಿ ಇಳಿಯದಿದ್ದರೆ ಪ್ರಯಾಣ. ಇಳಿದರೆ ಮನೆ.

ಸೋಮವಾರ ಸೂಜಿ ಚುಚ್ಚಬೇಕಾದ ಪ್ರಮೇಯವೇ ಬರಲಿಲ್ಲ. ಬೆಣ್ಣೆ ತಟ್ಟೆ ದಾಟಿ, ಫ್ರಿಡ್ಜಿನ ತಳಕ್ಕಿಳಿದು, ಬಾಗಿಲ ಸಂದಿನಿಂದ ಹೊರಗೆ ಹೊರಟಿತ್ತು. ಫ್ರಿಡ್ಜು ಮಾತ್ರ ಕಿಟ್ ಎಂದು ಏಳುವುದು, ಎರಡು ಕ್ಷಣ ಗುರ್‌ಗುಟ್ಟುವುದು, ಟಪ್ಪೆಂದು ಮಲಗುವುದು. ಸೋಮಾರಿ ಗುಮಾಸ್ತನ ಹಾಗೆ ದಿನವಿಡೀ ಇದೇ ಕೆಲಸ.

"ಇದರಲ್ಲಿ ಫ್ರಿಡ್ಜಿನ ದೋಷ ಇದೆ" ಎಂದರು ಕಂಬದಪ್ಪನವರು.

"ನಿಜ. ಹಿಂದೆ ಕೂತಿರೋದು ಅದರ ದೋಷ. ಮುಂದೆ ಬ್ಯಾಟರಿ ತಲೆ ಮೇಲೆ ಕೂತ್ಕೊಂಡಿದ್ರೆ ಅದಕ್ಕೂ ಊಟ ಸಿಗ್ತಿತ್ತು."

"ನೀನು ಗುಂಡಿ ಹೊಲಿ. ಕರೆಂಟಿನ ವಿಷ್ಯ ನನಗೆ ಬಿಡು."

"ಬಿಟ್ಟಿದ್ದಕ್ಕೇ ಬೆಣ್ಣೆ ಒರೆಸ್ತಾ ಕೂತಿರೋದು."

ಮಂಗಳವಾರವಿಡೀ ಕಂಬದಪ್ಪನವರು ಯುದ್ಧ ಹೂಡಿದರು. ಫ್ಯೂಸ್ ಬದಲಿಸಿದರು. ಸೋಲಾರ್ ಹಲಗೆ ಒರೆಸಿದರು. ಫ್ರಿಡ್ಜಿಗೆ ಎರಡು ಏಟು ಹಾಕಿದರು. ವೈರನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ವೈರ್ ಸಣ್ಣದೆಂದು ಹೇಳಿದವರು ಬೀಗರು. ಕೊನೆಗೆ ಬ್ಯಾಟರಿಯ ನಟ್ಟು ಸಡಿಲವಿರಬಹುದೆಂದು ಸ್ಪ್ಯಾನರ್ ಹಿಡಿದು ಬಗ್ಗಿದರು. ಕೈಗವುಸೇಕೆ, ಗಡಿಯಾರ ಬಿಚ್ಚುವುದೇಕೆ, ಹನ್ನೆರಡು ವೋಲ್ಟು ಕಚ್ಚೀತೇ? ಬೀಳ್ಕೊಡುಗೆಯಲ್ಲಿ ಆಫೀಸಿನವರು ಕೊಟ್ಟ ಸ್ಟೀಲ್ ಪಟ್ಟಿಯ ಗಡಿಯಾರ ಒಂದು ಬದಿ ಸ್ಪ್ಯಾನರಿಗೆ ತಗುಲಿತು, ಇನ್ನೊಂದು ಬದಿ ಗಾಡಿಯ ತಗಡಿಗೆ. ಫಟ್ ಎಂದು ಕಿಡಿ ಹಾರಿತು. ಸ್ಟೀಲ್ ಪಟ್ಟಿ ನಿಮಿಷಾರ್ಧದಲ್ಲಿ ಒಲೆಯ ಮೇಲಿಟ್ಟ ಸೌಟಾಯಿತು. ಕಂಬದಪ್ಪನವರ ಮಣಿಕಟ್ಟಿನ ಸುತ್ತ ಕೆಂಪು ಬಳೆಯೊಂದು ಮೂಡಿತು.

ಮೂವತ್ತನಾಲ್ಕು ವರ್ಷ ಹನ್ನೊಂದು ಸಾವಿರ ಮಾಡದ್ದನ್ನು ಹನ್ನೆರಡು ಮಾಡಿತ್ತು. ಅವರಿಗೆ ಉರಿಗಿಂತ ಅವಮಾನ ಹೆಚ್ಚಾಯಿತು. ಮುಲಾಮು ಬಳಿದು, ಮೇಲೆ ತುಂಬು ತೋಳಿನ ಅಂಗಿ ಹಾಕಿ ಗುಂಡಿ ಬಿಗಿದುಕೊಂಡು ಊಟಕ್ಕೆ ಕೂತರು.

"ಏನ್ರೀ, ಬೆಂಕಿ ಸೆಕೆಯಲ್ಲಿ ಮದುಮಗನ ಹಾಗೆ ಅಂಗಿ?"

"ಚಳಿ."

"ಚಳೀನಾ? ಹಾಗಾದ್ರೆ ಬೆಣ್ಣೇನ ನಿಮ್ಮ ಜೇಬಲ್ಲೇ ಇಡ್ಬಹುದಲ್ಲ."

ಅವರು ಅನ್ನವನ್ನು ಅಗಿಯದೆ ನುಂಗಿದರು. ಅಂದೂ ಸೂಜಿ ಬೆಣ್ಣೆಯಲ್ಲಿ ತಲೆಯವರೆಗೆ ಮುಳುಗಿತ್ತು. ಟೈಲರಮ್ಮ ಜಗಳವಾಡಲಿಲ್ಲ. ಬೀರುವಿನಿಂದ ತೆಗೆದು ಇಟ್ಟಿದ್ದ ಬ್ಯಾಗನ್ನು ಧೂಳು ಕೊಡವಿ ತಿರುಗಿ ಬೀರುವಿಗೇ ಸೇರಿಸಿದಳು. ಇದು ಐದನೇ ಸಲ. ಈ ಸಲ ಗಾಳಿಯೂ ಇರಲಿಲ್ಲ, ಫೋನೂ ಬಂದಿರಲಿಲ್ಲ. ಅದನ್ನು ನೋಡಿದ ಕಂಬದಪ್ಪನವರಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು. ಆ ಸಿಟ್ಟಿನಲ್ಲಿಯೇ ಅವರೊಂದು ಪಾಪ ಮಾಡಿದರು.

ಬುಧವಾರ ಬೆಳಿಗ್ಗೆ, ಆಕೆ ಸ್ನಾನಕ್ಕೆ ಹೋದಾಗ, ಮನೆಯ ಪ್ಲಗ್ಗಿನಿಂದ ಉದ್ದನೆಯ ಎಕ್ಸ್‌ಟೆನ್ಷನ್ ವೈರು ಎಳೆದು, ಹೂಕುಂಡಗಳ ಹಿಂದಿನಿಂದ ಹಾಯಿಸಿ, ಗಾಡಿಯ ಚಾಪೆಯ ಅಡಿಯಲ್ಲಿ ನುಗ್ಗಿಸಿ, ಫ್ರಿಡ್ಜನ್ನು ಮನೆ ಕರೆಂಟಿಗೆ ಸಿಕ್ಕಿಸಿಬಿಟ್ಟರು. (ಕಂಬಕ್ಕೆ ಕಳ್ಳ ಕೊಕ್ಕೆ ಹಾಕಿದವರನ್ನು ಹಿಡಿದು ದಂಡ ಹಾಕಿಸಿದ್ದ ಕೈಗಳು ಇವೇ. ಕೈಗೆ ನಾಚಿಕೆ ಇರುವುದಿಲ್ಲ.) ಎರಡು ದಿನದ ಮಟ್ಟಿಗೆ ಬೆಣ್ಣೆ ನಿಲ್ಲಲಿ, ಅಷ್ಟರಲ್ಲಿ ನಾನೇ ದಾರಿ ಹುಡುಕುತ್ತೇನೆ ಎಂದು ಸಮಾಧಾನ ಹೇಳಿಕೊಂಡು, ಪಿಂಚಣಿ ಆಫೀಸಿಗೆ ಹೋದರು. ಅಲ್ಲಿ ತಾವು ಇನ್ನೂ ಬದುಕಿದ್ದೇವೆಂದು ಸಾಬೀತು ಮಾಡುವ ಸಾಲಿನಲ್ಲಿ ಸಂಜೆಯವರೆಗೆ ನಿಂತು, ಬದುಕಿದ್ದೇ ತಪ್ಪಾಯಿತೆಂಬ ಮುಖ ಹೊತ್ತು ಹಿಂತಿರುಗಿದರು.

ಗುರುವಾರ ಬೆಳಿಗ್ಗೆ ಟೈಲರಮ್ಮ ಬೆಣ್ಣೆಗೆ ಸೂಜಿ ಚುಚ್ಚಿದಳು. ಸೂಜಿ ಬಾಗಿತು.

"ಕಲ್ಲಾಗಿದೆ ರೀ" ಎಂದಳು. "ಏನು ಮಾಡಿದ್ರಿ?"

"ಮಾಡಿದೆ, ಏನೋ."

"ನೋಡಿ, ಸುಮ್ನೆ ನಿಮ್ಮನ್ನ ಬೈದೆ. ನಾಳೆ ಬೆಳಿಗ್ಗೆ ಹೊರಡೋಣ." ಅಷ್ಟಂದು ಹತ್ತು ದಿನದ ಇಂಜೆಕ್ಷನ್ ಡಬ್ಬಿಗಳನ್ನು ತಂದು, ಮಗುವನ್ನು ಮಲಗಿಸುವ ಹಾಗೆ ಒಂದೊಂದಾಗಿ ಫ್ರಿಡ್ಜಿನಲ್ಲಿ ಜೋಡಿಸಿದಳು. ಆಮೇಲೆ ಹೊಲಿದಿಟ್ಟ ರವಿಕೆಗಳನ್ನು ಗಿರಾಕಿಗಳಿಗೆ ಮುಟ್ಟಿಸಿ ಬರುತ್ತೇನೆಂದು ಹೊರಟಳು. ಬೀದಿಯ ತಿರುವಿನವರೆಗೂ ಆಕೆ ಏನೋ ಗುನುಗುವುದು ಕೇಳುತ್ತಿತ್ತು.

ಕಂಬದಪ್ಪನವರು ಮೆಟ್ಟಿಲ ಮೇಲೆ ಕುಸಿದರು. ಎಕ್ಸ್‌ಟೆನ್ಷನ್ ವೈರು ಹೂಕುಂಡದವರೆಗೆ ಬಂದೀತು, ಸಮುದ್ರದವರೆಗೆ ಬರುವುದಿಲ್ಲ. ನಾಳೆ ಗೇಟು ದಾಟಿದ ಕೂಡಲೇ ಔಷಧಿ ಬಿಸಿಯಾಗಲು ಶುರು. ಬೆಣ್ಣೆ ಕರಗಿದರೆ ಒರೆಸಬಹುದು. ಆಕೆಯ ಮೈ ಕೆಟ್ಟರೆ? ಇನ್ನು ಉಳಿದದ್ದು ಒಂದೇ ದಾರಿ. ಆ ದಾರಿ ಟೈರ್ ಅಂಗಡಿಯ ಪಕ್ಕಕ್ಕೆ ಹೋಗುತ್ತಿತ್ತು.

ಶೆಡ್ಡಿನ ಎದುರು ಅವರು ಮೂರು ಸಲ ಹಾದುಹೋದರು. ನಾಲ್ಕನೇ ಸಲ ಬೀಗರೇ ನೋಡಿ, ಎಣ್ಣೆಗೈಯಲ್ಲೇ ಓಡಿಬಂದು, ಸ್ಟೂಲು ಒರೆಸಿ ಕೂರಿಸಿದರು.

"ಒಂದು ಸಣ್ಣ ಸಂಶಯ" ಎಂದರು ಕಂಬದಪ್ಪನವರು, ಗೋಡೆಗೆ ನೇತುಹಾಕಿದ್ದ ಹಾರ್ನನ್ನು ನೋಡುತ್ತ. "ನನ್ನದಲ್ಲ. ನನ್ನ ಸ್ನೇಹಿತರೊಬ್ಬರದು."

"ಕೇಳಿ ಬೀಗರೇ."

"ಅವರ ಫ್ರಿಡ್ಜು ಬ್ಯಾಟರೀಲಿ ನಿಲ್ತಿಲ್ಲ." ಇಷ್ಟು ಹೇಳುವಷ್ಟರಲ್ಲಿ ಸ್ನೇಹಿತರ ವೇಷ ಕಳಚಿ ಬಿತ್ತು. "ನಂದೇ ಅಂತ ಇಟ್ಕೊಳ್ಳಿ. ಮನೆ ಕರೆಂಟ್ ಸಿಕ್ಕಿಸಿ ಅವಳಿಗೆ ಸುಳ್ಳು ಹೇಳಿದ್ದೀನಿ. ಅವಳು ಔಷಧಿ ಇಟ್ಟುಬಿಟ್ಲು. ಈ ವಿಷ್ಯ ಅವಳಿಗೆ ಗೊತ್ತಾಗಕೂಡದು. ಮಾತು ಕೊಡಿ."

ಬೀಗರ ಮುಖದಲ್ಲಿ ಏನೋ ಬಂದು ಹೋಯಿತು. ಹೊಟ್ಟೆನೋವೋ, ನಗುವೋ ತಿಳಿಯಲಿಲ್ಲ. "ಮಾತು ಕೊಟ್ಟೆ" ಎಂದರು. "ನಾನು ಯಾರಿಗೆ ಮಾತು ಕೊಟ್ರೂ ತಪ್ಪೋನಲ್ಲ. ಅದೇ ನನ್ನ ಕಷ್ಟ."

ಆಮೇಲೆ ಎರಡು ಗಂಟೆ ಪಾಠ. ಪಾಠವನ್ನು ಕಂಬದಪ್ಪನವರು ಔಡಲೆಣ್ಣೆಯ ಹಾಗೆ ಕುಡಿದರು.

"ನಿಮ್ಮ ಲೈನಲ್ಲಿ ನೂಕು ಜಾಸ್ತಿ, ಹರಿವು ಕಮ್ಮಿ. ಅದಕ್ಕೆ ಸಣ್ಣ ತಂತಿ ನಡೀತದೆ. ನಮ್ದರಲ್ಲಿ ನೂಕು ಕಮ್ಮಿ. ಅದೇ ಕೆಲ್ಸ ಆಗ್ಬೇಕಾದ್ರೆ ಮನೆ ಕರೆಂಟಿಗಿಂತ ಇಪ್ಪತ್ತು ಪಟ್ಟು ಹರೀಬೇಕು. ದಾರಿ ಅಗಲ ಬೇಕಲ್ಲ ಬೀಗರೇ? ಬ್ಯಾಟರಿ ಹತ್ರ ಹನ್ನೆರಡೂವರೆ ಇದ್ದದ್ದು ಕೊನೆ ಮುಟ್ಟೋ ಹೊತ್ತಿಗೆ ಹತ್ತಾಗ್ತದೆ. ಫ್ರಿಡ್ಜು ಹೆದ್ರಿ ಆಫ್ ಆಗ್ತದೆ." ಬೀಗರು ಕೆಮ್ಮಿದರು. "ನಿಮಗೆ ಗೊತ್ತಿರೋದೇ. ಲೈನಿನ ಕೊನೇ ಮನೇಲಿ ಬಲ್ಬು ಮಿಣ ಮಿಣ ಅಂತಿತ್ತಲ್ಲ? ಅದೇ ಇದು."

ಲೈನಿನ ಕೊನೆಯ ಮನೆ. ಮೂವತ್ತನಾಲ್ಕು ವರ್ಷ ಕೊನೆಯ ಮನೆಯವರೆಲ್ಲ ಬಂದು ದೂರು ಕೊಟ್ಟಾಗ ಕಂಬದಪ್ಪನವರು ಕೊಟ್ಟ ಉತ್ತರ ಒಂದೇ: ನಿಮ್ಮ ಬಲ್ಬೇ ಸರಿ ಇಲ್ಲ. ಈಗ ಅವರ ಕಿವಿ ಕೆಂಪಾದವು. ಅಷ್ಟು ಜನರ ಬಲ್ಬುಗಳೂ ಒಟ್ಟಿಗೆ ಕಣ್ಣೆದುರು ಮಿಣಕಾಡಿದವು.

"ಆಯ್ತು. ದಪ್ಪ ವೈರ್ ಕೊಡಿ" ಎಂದರು ಒರಟಾಗಿ.

ಬೀಗರು ಒಳಗೆ ಹೋಗಿ ಬೆರಳು ಗಾತ್ರದ ಕೆಂಪು ವೈರಿನ ಒಂದು ತುಂಡು ತಂದರು. ಒಂದು ಮಾರುದ್ದವೂ ಇರಲಿಲ್ಲ.

"ಇಷ್ಟೇನಾ? ನನಗೆ ಗಾಡಿಯ ಈ ತುದಿಯಿಂದ ಆ ತುದಿಗೆ ಬೇಕು."

"ಇಷ್ಟು ಸಾಕಾಗ್ತದೆ ಬೀಗರೇ."

"ಹೇಗೆ ಸಾಕಾಗುತ್ತೆ?"

"ಹೋಗಿ ನೋಡಿ. ಸಾಕಾಗ್ತದೆ. ಅದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ ನಾನು" ಎಂದು ಬೀಗರು ದೀನವಾಗಿ ಕೈ ಮುಗಿದರು.

ಜಿಪುಣ! ದಾರಿಯುದ್ದಕ್ಕೂ ಕಂಬದಪ್ಪನವರು ಬೀಗರ ವಂಶವನ್ನು ಮನಸ್ಸಿನಲ್ಲೇ ತೊಳೆದು ಹಾಕಿದರು. ಮಗಳನ್ನು ಕೊಟ್ಟವನಿಗೆ ಒಂದು ಮಾರು ವೈರು. ಮಾನ ಬಿಟ್ಟು ಬಾಗಿಲಿಗೆ ಹೋದರೆ ಮೊಳ ಹಾಕಿ ಕೊಡುತ್ತಾನೆ. ಸಾಕಾಗುತ್ತದಂತೆ. ನೇಣು ಹಾಕಿಕೊಳ್ಳಲಿಕ್ಕೂ ಸಾಲದು.

ಮನೆಗೆ ಬಂದವರು ನೆಟ್ಟಗೆ ಗಾಡಿ ಹತ್ತಿದರು. ಟೈಲರಮ್ಮ ಇನ್ನೂ ಬಂದಿರಲಿಲ್ಲ. ಶ್ಯಾವಿಗೆ ವೈರನ್ನು ಕಿತ್ತೆಸೆಯಲೆಂದು ಸೀಟಿನ ಹೊದಿಕೆ ಎತ್ತಿದರು.

ಶ್ಯಾವಿಗೆ ಇರಲಿಲ್ಲ. ಅದರ ಜಾಗದಲ್ಲಿ ಬೆರಳು ಗಾತ್ರದ ಎರಡು ವೈರುಗಳು, ಒಂದು ಕೆಂಪು, ಒಂದು ಕಪ್ಪು, ಜೋಡೆತ್ತಿನ ಹಾಗೆ ಬ್ಯಾಟರಿಯಿಂದ ಫ್ರಿಡ್ಜಿನವರೆಗೆ ಮಲಗಿದ್ದವು. ಅಲುಗದಂತೆ ಗೇಣಿಗೊಂದು ಕುಣಿಕೆ. ಅಂಗಡಿಯ ಕ್ಲಿಪ್ಪಲ್ಲ. ಕ್ಯಾನ್‌ವಾಸ್ ಬಟ್ಟೆಯ ಕುಣಿಕೆ, ಅಂಚು ಮಡಚಿ, ಒಂದೊಂದಕ್ಕೂ ಎರಡೆರಡು ಸಾಲು ಹೊಲಿಗೆ. ಆ ಹೊಲಿಗೆಯ ಗುರುತು ಅವರಿಗೆ ಗೊತ್ತಿಲ್ಲದ್ದೇ? ಮೂವತ್ತು ವರ್ಷದಿಂದ ಅವರ ಅಂಗಿಯ ಮೇಲೆಲ್ಲ ಇರುವುದು ಅದೇ. ಚಾಪೆ ಎತ್ತಿದರು. ಅವರ ಕಳ್ಳ ಎಕ್ಸ್‌ಟೆನ್ಷನ್ ಯಾವುದಕ್ಕೂ ಸಿಕ್ಕಿರಲಿಲ್ಲ. ನೀಟಾಗಿ ಸುತ್ತಿ, ರವಿಕೆ ಚೂರಿನಿಂದ ಕಟ್ಟಿ, ಮೂಲೆಯಲ್ಲಿ ಇಡಲಾಗಿತ್ತು.

ಬುಧವಾರ. ಅವರು ಬದುಕಿದ್ದೇನೆಂದು ಸಾಬೀತು ಮಾಡುತ್ತ ನಿಂತ ಹೊತ್ತಿನಲ್ಲಿ ಆಕೆ ಟೈರ್ ಅಂಗಡಿಯ ಪಕ್ಕಕ್ಕೆ ಹೋಗಿ ಬಂದಿದ್ದಳು. ಯಾರಿಗೂ ಹೇಳಬೇಡಿ ಎಂದು ಆಕೆಯೂ ಮಾತು ತೆಗೆದುಕೊಂಡಿರಬೇಕು. ಇಬ್ಬರಿಗೂ ಮಾತು ಕೊಟ್ಟು, ಇಬ್ಬರಿಗೂ ನಡೆಸಿಕೊಟ್ಟ ಮಹಾನುಭಾವ, ಎಲ್ಲ ತಿಳಿದೂ ಎರಡು ಗಂಟೆ ಪಾಠ ಹೇಳಿದ್ದ. ಒಂದು ಮಾರು ವೈರನ್ನು ಕಾಣಿಕೆ ಕೊಟ್ಟು ಕಳಿಸಿದ್ದ. ಇಂಥ ಮನುಷ್ಯನನ್ನು ಬೈಯಲು ಯಾವ ಭಾಷೆಯಲ್ಲಾದರೂ ಮಾತಿದೆಯೇ?

"ಏನ್ರೀ ಹುಡುಕ್ತಿದ್ದೀರಿ?" ಹಿಂದಿನಿಂದ ಟೈಲರಮ್ಮನ ದನಿ.

ಕಂಬದಪ್ಪನವರು ಹೊದಿಕೆಯನ್ನು ಥಟ್ಟನೆ ಕೆಳಗೆ ಬಿಟ್ಟರು. ನೀನು ವೈರ್ ಬದಲಿಸಿದೆ ಎಂದರೆ, ನೀವು ಕಳ್ಳ ವೈರು ಹಾಕಿದ್ದಿರಿ ಎಂದು ಬರುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು. "ಏನಿಲ್ಲ. ನಟ್ಟು ಬಿಗಿ ಇದೆಯಾ ನೋಡ್ತಿದ್ದೆ."

"ಇರುತ್ತೆ ಬಿಡಿ" ಎಂದಳು ಆಕೆ ತಣ್ಣಗೆ. "ನೀವು ಮಾಡಿದ ಕೆಲ್ಸ ಅಂದ್ಮೇಲೆ."

ಶುಕ್ರವಾರ ಗಾಡಿ ಹೊರಟಿತು. ಮಾರನೇ ದಿನ ಮಧ್ಯಾಹ್ನ ಟೈಲರಮ್ಮ ಒಂದು ದಿಬ್ಬದ ಮೇಲಿನಿಂದ ಮೊದಲ ಸಲ ಸಮುದ್ರ ನೋಡಿದಳು. "ಇಷ್ಟೊಂದಾ?" ಎಂದಳು. ಮತ್ತೆ ಒಂದು ಗಂಟೆ ದಿಬ್ಬದಿಂದ ಇಳಿಯಲಿಲ್ಲ. ಮನೆಗಾಡಿಯವರಿಗೆಂದೇ ಇದ್ದ ಬಯಲಿನಲ್ಲಿ ಬೀಡು ಬಿಟ್ಟರು. ಫ್ರಿಡ್ಜು ಗಂಭೀರವಾಗಿ ಗುನುಗುತ್ತ ತನ್ನ ಕೆಲಸ ಮಾಡುತ್ತಿತ್ತು. ಅದು ಗುನುಗಿದಾಗಲೆಲ್ಲ ಕಂಬದಪ್ಪನವರಿಗೆ ಬೀಗರು ಕೆಮ್ಮಿದ ಹಾಗೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಟೈಲರಮ್ಮ ನೀರಿಗಿಳಿಯಲು ಸೀರೆ ಎತ್ತಿ ಕಟ್ಟಿ ಹೊರಟಿದ್ದಳು. ಪಕ್ಕದ ಮುದಿ ಗಾಡಿಯಿಂದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರು ಇಳಿದು ಬಂದರು. ಅವರ ಫ್ರಿಡ್ಜಿಗೂ ಕಿಟ್ ಎಂದು ಏಳುವ, ಟಪ್ಪೆಂದು ಮಲಗುವ ರೋಗ.

"ನಿಮ್ದು ಹೇಗೆ ಸಾರ್ ನಡೀತಿದೆ?" ಎಂದು ಒಳಗೆ ಇಣುಕಿ, ಹೊದಿಕೆ ಎತ್ತಿ ನೋಡಿ ಬೆರಗಾದರು. "ಆಹಾ, ಕೆಲ್ಸ ಅಂದ್ರೆ ಇದು. ಯಾರ ಹತ್ರ ಮಾಡ್ಸಿದ್ರಿ?"

ಕಂಬದಪ್ಪನವರು ಬಾಯಿ ತೆರೆಯುವ ಮುಂಚೆ ಟೈಲರಮ್ಮ, "ಇವರೇ ಮಾಡಿದ್ದು. ಎಲ್ಲಾ ಇವರ ಕೈಕೆಲ್ಸ" ಎಂದಳು.

"ಈ ಬಟ್ಟೆ ಕುಣಿಕೆ ಯಾವ ಕಂಪನೀದು? ಎಲ್ಲೂ ನೋಡಿಲ್ಲ."

"ಅದೂ ಇವರೇ ಹೊಲಿದದ್ದು."

"ಸಾರ್ ಹೊಲೀತಾರಾ?"

"ಬಹಳ ಚೆನ್ನಾಗಿ."

ಪೋಸ್ಟ್‌ಮಾಸ್ತರರು ಕಂಬದಪ್ಪನವರ ಎರಡೂ ಕೈ ಹಿಡಿದುಕೊಂಡರು. "ಸಾರ್, ದಪ್ಪ ವೈರ್ ನನ್ನ ಹತ್ರ ಇದೆ. ಗಾಡಿ ಕುಲುಕಿದಾಗ ಸವೆದು ಹೋಗುತ್ತೆ ಅಂತ ಹಾಕಿರ್ಲಿಲ್ಲ. ಒಂದು ಇಪ್ಪತ್ತು ಕುಣಿಕೆ ಹೊಲಿದು ಕೊಡಿ. ನಾನು ಪಕ್ಕದಲ್ಲೇ ಕೂತು ಕಲೀತೀನಿ."

ಕಂಬದಪ್ಪನವರು ಹೆಂಡತಿಯ ಮುಖ ನೋಡಿದರು. ಅವರನ್ನು ಪಾರು ಮಾಡಲು ಆಕೆಯ ಒಂದು ಮಾತು ಸಾಕಿತ್ತು. ಆಕೆ ಗಾಡಿ ಹತ್ತಿ, ಕ್ಯಾನ್‌ವಾಸ್ ತುಂಡು, ಕತ್ತರಿ, ದಾರದ ಉಂಡೆ, ಸೂಜಿ ಎಲ್ಲ ತಂದು ಅವರ ಮಡಿಲಲ್ಲಿ ಇಟ್ಟಳು. ಬೆರಳಿಗೆ ಹಾಕುವ ತಗಡಿನ ಟೋಪಿಯನ್ನು ತಾನೇ ಅವರ ಬೆರಳಿಗೆ ತೊಡಿಸಿದಳು.

"ಒತ್ತೊತ್ತಾಗಿ ಹಾಕಿ" ಎಂದಳು. "ಎರಡು ಸಾಲು."

ಅಷ್ಟಂದು ಮರಳಿನ ಮೇಲೆ ಹೊರಟೇಹೋದಳು.

ಸೂಜಿಯ ಕಣ್ಣು ಕಾಣಬೇಕಾದರೆ ಬೆಳಕಿಗೆ ಮುಖ ಮಾಡಬೇಕಿತ್ತು. ಬೆಳಕು ಊರಿನ ಕಡೆಯಿತ್ತು. ಹಾಗಾಗಿ ಕಂಬದಪ್ಪನವರು ಸಮುದ್ರಕ್ಕೆ ಬೆನ್ನು ತಿರುಗಿಸಿ ಕೂತು, ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಸೂಜಿಗೆ ಗುರಿಯಿಟ್ಟರು. ತಪ್ಪಿತು. ಮತ್ತೆ ಇಟ್ಟರು. ಬೆರಳಿಗೆ ಚುಚ್ಚಿತು. ಪೋಸ್ಟ್‌ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಅತ್ಯಂತ ಭಕ್ತಿಯಿಂದ ನೋಡುತ್ತಿದ್ದರು.

ಹಿಂದಿನಿಂದ ಅಲೆಯ ಸದ್ದು, ಅದರ ನಡುವೆ ಒಂದು ನಗು. ಮದುವೆಯಾದ ಹೊಸತರಲ್ಲಿ ಎಂದೋ ಕೇಳಿದ್ದ ನಗು.

"ರೀ, ಬನ್ರೀ. ಇಲ್ಲಿ ನೋಡ್ರೀ."

"ನಿಮ್ಮ ಮನೆಯವರು ಕರೀತಿದ್ದಾರೆ ಸಾರ್" ಎಂದರು ಪೋಸ್ಟ್‌ಮಾಸ್ತರರು. "ಆಹಾ, ಸೊಂಟದವರೆಗೆ ಇಳಿದುಬಿಟ್ಟಿದ್ದಾರೆ. ದೊಡ್ಡ ಅಲೆ ಬರ್ತಾ ಇದೆ. ಚಪ್ಪಾಳೆ ತಟ್ತಾ ಇದ್ದಾರೆ. ನೋಡಿದ್ರಾ?"

"ನನ್ನ ಹತ್ರ ಮಾತಾಡ್ಬೇಡಿ" ಎಂದರು ಕಂಬದಪ್ಪನವರು ಹಲ್ಲು ಕಡಿಯುತ್ತ. "ದಾರ ಪೋಣಿಸ್ತಾ ಇದ್ದೀನಿ."